ಎಷ್ಟು ಹೊಲಿಗೆ ಬಿತ್ತು ಅಂತ ಯಾರೂ ಕೇಳಲ್ಲ

ನಮ್ಮ ಕಡೆ ಹೆರಿಗೆ ಆಯ್ತು ಅಂದ ತಕ್ಷಣ ಮೂರು ಪ್ರಶ್ನೆ ಬರುತ್ತವೆ. ಗಂಡಾ, ಹೆಣ್ಣಾ? ಮಗು ಎಷ್ಟು ಕೆಜಿ? ನಾರ್ಮಲ್ಲಾ, ಸಿಜೇರಿಯನ್ನಾ? ನಾರ್ಮಲ್ ಅಂದರೆ ಮುಗೀತು, "ಸದ್ಯ, ದೇವರು ದೊಡ್ಡೋನು" ಅಂತ ಫೋನ್ ಇಡುತ್ತಾರೆ. ಆ ನಾರ್ಮಲ್ ಒಳಗೆ ಎಷ್ಟು ಹೊಲಿಗೆ ಇದೆ, ಅವಳಿಗೆ ಕೂರೋಕಾದರೂ ಆಗ್ತಿದೆಯಾ ಅಂತ ಕೇಳುವವರಿಲ್ಲ.

ನಮ್ಮಕ್ಕನ ಮೊದಲ ಹೆರಿಗೆಯೂ ನಾರ್ಮಲ್ಲೇ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ, ಉಳಿದದ್ದೆಲ್ಲಾ ಬರಿ" ಅಂದಳು. ಅಂಗಾತ ಮಲಗಿಸಿ, ಕಾಲು ಅಗಲಿಸಿ, ಒಬ್ಬರು ಹೊಟ್ಟೆ ಮೇಲಿಂದ ಒತ್ತುತ್ತಿದ್ದರಂತೆ. "ಮುಕ್ಕು, ಇನ್ನೂ ಜೋರಾಗಿ ಮುಕ್ಕು" ಅಂತ ಬೈಗುಳ ಬೇರೆ. ಕೆಳಗೆ ಕತ್ತರಿ ಹಾಕಿದ್ದು ಅವಳಿಗೆ ಹೇಳಿ ಅಲ್ಲ. ಹೊಲಿಯುವಾಗ ಸೂಜಿ ಹೋಗಿ ಬರೋದು ಗೊತ್ತಾಗುತ್ತಿತ್ತು, ಕಿರುಚಿದ್ದಕ್ಕೆ "ಹೆತ್ತೋಳಿಗೆ ಇದೇನು ದೊಡ್ಡದಾ" ಅಂದರಂತೆ.

ಮನೆಗೆ ಬಂದ ಮೇಲೆ ಮೂರು ವಾರ ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಳು. ಇದರ ಮೇಲೆ ನಮ್ಮ ದೊಡ್ಡಮ್ಮನ ಬಾಣಂತನ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗೂಗೆ ಶೀತ ಆಗುತ್ತೆ ಅಂತ ದಿನಕ್ಕೆ ಒಂದೆರಡು ಲೋಟ ಬಿಸಿನೀರು, ಅಷ್ಟೆ. ಸೊಪ್ಪು ಬೇಡ, ಹಣ್ಣು ಬೇಡ. ಮಲ ಗಟ್ಟಿಯಾಯಿತು. ಹೊಲಿಗೆ ಬಿಚ್ಚಿಹೋಗುತ್ತೇನೋ ಅನ್ನೋ ಹೆದರಿಕೆಗೆ ಅವಳು ಊಟವನ್ನೇ ಕಮ್ಮಿ ಮಾಡಿದಳು. ಎರಡನೇ ಮಗು ಅಂದರೆ ಸಾಕು, ನಾಲ್ಕು ವರ್ಷ ಎದ್ದು ಆಚೆ ಹೋಗುತ್ತಿದ್ದಳು. ಮನೆಯವರು ಅದನ್ನು ಸೊಕ್ಕು ಅಂದರು.

ಯೋನಿಗೂ ಗುದದ್ವಾರಕ್ಕೂ ನಡುವೆ ಸ್ವಲ್ಪ ಜಾಗ ಇದೆಯಲ್ಲ, ಮಗುವಿನ ತಲೆ ಬರುವಾಗ ಎಳೆದುಕೊಳ್ಳುವುದು ಅದೇ. ಚೊಚ್ಚಲ ಹೆರಿಗೆಯಲ್ಲಿ ಅಲ್ಲಿ ಸ್ವಲ್ಪ ಹರಿಯುವುದು ಮಾಮೂಲಿ. ಬರೀ ಚರ್ಮ ಹರಿದರೆ ಬೇಗ ಮಾಯುತ್ತದೆ. ಗುದದ್ವಾರದ ಸ್ನಾಯುವರೆಗೂ ಹರಿದರೆ ಡಾಕ್ಟರೇ ನೋಡಿ ಹೊಲಿಯಬೇಕು. ಹರಿಯೋ ಮೊದಲು ನಾವೇ ಕತ್ತರಿಸಿಬಿಟ್ಟರೆ ಒಳ್ಳೇದು ಅಂತ ಹಿಂದೆ ಎಲ್ಲರಿಗೂ ಕತ್ತರಿ ಹಾಕುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಮಾರ್ಗಸೂಚಿಯಲ್ಲಿ, ತಾನಾಗೇ ಆಗುವ ಹೆರಿಗೆಯಲ್ಲಿ ಎಲ್ಲರಿಗೂ ಹೀಗೆ ಕತ್ತರಿಸುವುದು ಬೇಡ ಅಂದಿದೆ. ಹೊಟ್ಟೆ ಮೇಲಿಂದ ಒತ್ತುವುದೂ ಬೇಡ ಅಂದಿದೆ. (ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿದ್ದೂ ಅದೇ ವರ್ಷ.) ಮಗುವಿನ ಎದೆಬಡಿತ ಇಳಿದರೆ, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಬೇಕಾದರೆ ಕತ್ತರಿಸಬೇಕಾಗಬಹುದು. ಆಗಲೂ ತಾಯಿಗೆ ಹೇಳಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಮಾಡಬೇಕು. ಹೊಲಿಗೆಗೂ ಅಷ್ಟೇ.

ಅಕ್ಕನ ಎರಡನೇ ಹೆರಿಗೆ ಬೇರೆ ಕಡೆ, ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತಾರೆ ಅಂದರು, ನಾನು ಹೋದೆ. ಕೇಂದ್ರ ಸರ್ಕಾರ 2017ರ ಕೊನೆಗೆ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗೆ ಜೊತೆಗಾತಿ ಇರಬೇಕು, ಪರದೆ ಇರಬೇಕು ಅಂತಿದೆ. ನೀವೂ ಕೇಳಿ.

ಅಲ್ಲಿದ್ದ ಸಿಸ್ಟರ್‌ಗೆ ಐವತ್ತರ ಹತ್ತಿರ ವಯಸ್ಸು. ನೋವು ಏರುವವರೆಗೂ ಅಕ್ಕನನ್ನು ಓಡಾಡಲು ಬಿಟ್ಟರು. ಆಮೇಲೆ "ಎಡಮಗ್ಗುಲಿಗೆ ಮಲಗ್ತೀಯಾ ತಾಯಿ?" ಅಂದರು. ಅಂಗಾತ ಮಲಗದೆಯೂ ಹೆರಬಹುದು ಅಂತ ನಾವಿಬ್ಬರೂ ಕಂಡಿದ್ದು ಅವತ್ತೇ. ತಾನಾಗಿ ಒತ್ತಡ ಬಂದಾಗ ಮುಕ್ಕು, ಬರದಿದ್ದಾಗ ಸುಮ್ಮನಿರು ಅಂದರು. ತಲೆ ಕಾಣುವ ಹೊತ್ತಿಗೆ ಶುದ್ಧ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ತಮ್ಮ ಕೈಗೆ ಮುಟ್ಟಿಸಿ ನೋಡಿ ಆ ಜಾಗಕ್ಕೆ ಒತ್ತಿ ಹಿಡಿದರು. ನೋವು ಕಮ್ಮಿಯಾಗುತ್ತೆ, ದೊಡ್ಡದಾಗಿ ಹರಿಯೋದೂ ಕಮ್ಮಿಯಾಗುತ್ತೆ ಅಂತ ಸಂಶೋಧನೆಗಳೂ ಹೇಳುತ್ತವೆ. ಬೇಕಿದ್ದದ್ದು ಒಂದು ಬಟ್ಟೆ, ಒಂದು ಬೋಗುಣಿ ಬಿಸಿನೀರು! ಕೊನೆಗೆ, "ಈಗ ಮುಕ್ಕಬೇಡ, ನಾಯಿ ಏದುಸಿರು ಬಿಟ್ಟಂಗೆ ಉಸಿರುಬಿಡು" ಅಂದರು. ಒಂದು ಕೈ ತಲೆ ಮೇಲೆ, ಒಂದು ಕೈ ಕೆಳಗೆ ಆಸರೆ. ತಲೆ ನಿಧಾನಕ್ಕೆ ಬಂತು. ಸ್ವಲ್ಪ ಹರಿಯಿತು, ಇಂಜೆಕ್ಷನ್ ಕೊಟ್ಟು ಎರಡು ಹೊಲಿಗೆ ಹಾಕಿದರು. ಅಕ್ಕ ಸಂಜೆಗೆ ಕೂತು ಹಾಲು ಕೊಟ್ಟಳು.

ಚೊಚ್ಚಲ ಬಸುರಿಯರಿಗೆ ಇನ್ನೊಂದು ವಿಷಯ. ಎಂಟು ತಿಂಗಳು ದಾಟಿದ ಮೇಲೆ, ಅಂದರೆ 34-35ನೇ ವಾರದಿಂದ, ಉಗುರು ಕತ್ತರಿಸಿ ಕೈ ತೊಳೆದು, ಆ ಜಾಗವನ್ನು ಒಳಗಿನಿಂದ ಬೆರಳಲ್ಲಿ ಮೆತ್ತಗೆ ಕೆಳಕ್ಕೆ, ಪಕ್ಕಕ್ಕೆ ನೀವಿಕೊಂಡರೆ ಕತ್ತರಿ, ಹೊಲಿಗೆ ಬೀಳುವುದು ಕಮ್ಮಿ ಆಗುತ್ತದೆ. ವಾರಕ್ಕೆ ಒಂದೆರಡು ಸಲ ಸಾಕು. ರಕ್ತ ಹೋಗುತ್ತಿದ್ದರೆ, ನೀರು ಒಡೆದಿದ್ದರೆ, ಸೋಂಕಿದ್ದರೆ, ಕಸ ಕೆಳಗಿದೆ ಅಂತ ಡಾಕ್ಟರ್ ಹೇಳಿದ್ದರೆ ಮಾಡಲೇಬೇಡಿ. ಪ್ರತಿ ತಿಂಗಳು 9ಕ್ಕೆ ಬಸುರಿಯರ ಉಚಿತ ತಪಾಸಣೆ ಇರುತ್ತದಲ್ಲ, ತಾಯಿ ಕಾರ್ಡ್ ಹಿಡಿದು ಹೋದಾಗ ಮೊದಲು ಕೇಳಿಕೊಳ್ಳಿ.

ಹೊಲಿಗೆ ಬಿದ್ದ ಮೇಲೆ ದೊಡ್ಡಮ್ಮಂದಿರ ಜೊತೆ ಸ್ವಲ್ಪ ಜಗಳ ಆಡಬೇಕಾಗುತ್ತದೆ. ನಾನಂತೂ ಆಡಿದೆ. ಬಾಣಂತಿಗೆ ನೀರು ಬೇಕು, ಸೊಪ್ಪು, ಹಣ್ಣು ಬೇಕು. ಅರಿಸಿನ, ಎಣ್ಣೆ, ಬೂದಿ ಯಾವುದನ್ನೂ ಹೊಲಿಗೆಗೆ ಹಚ್ಚಬಾರದು. ಮುಂದಿನಿಂದ ಹಿಂದಕ್ಕೆ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿದರೆ ಸಾಕು. ಮೊದಲೆರಡು ದಿನ ಊತಕ್ಕೆ ತಣ್ಣನೆ ಬಟ್ಟೆ ಹಾಯಾಗಿರುತ್ತದೆ. ("ತಣ್ಣಗಿದ್ದು ಬಾಣಂತಿಗಾ!" ಅಂತ ಕೂಗು ಬರುತ್ತದೆ, ಬರಲಿ.) ಹಾಲು ಕೊಡುವವರೂ ಪ್ಯಾರಸಿಟಮಾಲ್ ತಗೋಬಹುದು. ದಾರ ಸಾಮಾನ್ಯವಾಗಿ ತಾನೇ ಕರಗುತ್ತದೆ.

ಆದರೆ ಜ್ವರ, ಕೀವು, ಕೆಟ್ಟ ವಾಸನೆ, ದಿನದಿನಕ್ಕೆ ಏರುವ ನೋವು, ಬಿಟ್ಟ ಹೊಲಿಗೆ, ಇವುಗಳಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಗಾಳಿ, ಮಲ, ಮೂತ್ರ ತಡೆಯಲು ಆಗುತ್ತಿಲ್ಲ ಅಂದರೂ ಹೋಗಿ. ಅದಕ್ಕೆ ಚಿಕಿತ್ಸೆ ಇದೆ, ಮುಚ್ಚಿಟ್ಟುಕೊಂಡು ಬದುಕಬೇಕಿಲ್ಲ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಬಂದವರು ಮಗು ತೂಕ ನೋಡುವಾಗ ಅತ್ತೆ, ಮಾವ ಎಲ್ಲಾ ಸುತ್ತ ನಿಂತಿರುತ್ತಾರೆ. "ಅಕ್ಕಾ, ಒಂದ್ನಿಮಿಷ ಒಳಗೆ ಬನ್ನಿ" ಅಂತ ಕರೆದು ಹೊಲಿಗೆ ವಿಷಯ ಹೇಳಿ.