ತೇಪೆಯ ಗವಸು

ಉಟ್ಟು ಹಳತಾದ ಬಟ್ಟೆಗೆ ಎರಡನೆಯ ಆಯುಷ್ಯವೊಂದಿದೆ ಎಂಬುದನ್ನು ನಮ್ಮ ನಾಡಿನ ಹೆಣ್ಣುಮಕ್ಕಳು ಬಹುಕಾಲದಿಂದ ಬಲ್ಲರು. ಧಾರವಾಡ, ಹಾವೇರಿ, ವಿಜಯಪುರ ಸೀಮೆಗಳ ಕೌದಿಯೇ ಇದಕ್ಕೆ ಸಾಕ್ಷಿ. ಸವೆದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿದಾರದ ಸಾಲುಹೊಲಿಗೆಯಿಂದ ಅವನ್ನೆಲ್ಲ ಒಂದುಗೂಡಿಸಿದರೆ ಕೌದಿಯಾಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಇದನ್ನೇ ತಮ್ಮದೇ ರೀತಿಯಲ್ಲಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಮಡಿಸಿದ ತುಂಡುಗಳ ಹೂವನ್ನು ಕೂರಿಸುತ್ತಾರೆ. ಬಂಗಾಳದ ಕಾಂಥಾ ಕೂಡ ಇದೇ ಕುಲಕ್ಕೆ ಸೇರಿದ್ದು. ಇವೆಲ್ಲಕ್ಕೂ ಮೂಲ ಒಂದೇ: ಇದ್ದುದನ್ನು ಎಸೆಯದಿರುವ ವಿವೇಕ.

ಮಂಗಳೂರಿನ ಸೆಕೆಯಲ್ಲಿ ದಪ್ಪ ಕೌದಿಯನ್ನು ಹೊದೆಯುವವರು ವಿರಳ. ಆದರೆ ಅದೇ ಕೈಗೆಲಸವು ಕಿರಿದಾಗಿ, ನಡುಮನೆಯ ಕುಶನ್ನಿನ ಗವಸಾಗಿ ಇಲ್ಲಿ ಬಾಳಬಲ್ಲದು. ಅದನ್ನು ಹೊಲಿಯುವುದು ಕಷ್ಟವೇನೂ ಅಲ್ಲ. 16 ಇಂಚು ಚೌಕದ ಕುಶನ್ನಿಗೆ ನಾಲ್ಕೂವರೆ ಇಂಚು ಚೌಕದ 16 ತುಂಡುಗಳು ಬೇಕು. ಬಣ್ಣ ಬಿಡುವುದಿದ್ದರೆ ಮೊದಲೇ ಬಿಟ್ಟುಹೋಗಲೆಂದು ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಬೇಕು. ಕಾಲು ಇಂಚು ಅಂಚು ಬಿಟ್ಟು ನಾಲ್ಕು ನಾಲ್ಕು ತುಂಡುಗಳನ್ನು ಸಾಲಾಗಿ ಹೊಲಿದು, ಬಳಿಕ ನಾಲ್ಕು ಸಾಲುಗಳನ್ನು ಕೂಡಿಸಬೇಕು. ಇದರ ಕೆಳಗೆ ಹಳೆಯ ಪಂಚೆಯ ಒಂದೆರಡು ಪದರ, ಅದರ ಕೆಳಗೆ ಒಂದು ಅಸ್ತರಿ. ಪದರಗಳು ಸರಿದಾಡದಂತೆ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸಾಲುಹೊಲಿಗೆ ನಡೆಸಿದರೆ ಸಡಿಲವೆಲ್ಲ ಹೊರಕ್ಕೆ ಸರಿದು ಸುಕ್ಕು ನಿಲ್ಲುವುದಿಲ್ಲ. ಸಿದ್ದಿ ಮಹಿಳೆಯರಂತೆ ಅಂಚಿನಿಂದ ಒಳಗೆ ಬರುವುದಕ್ಕೆ ಪಳಗಿದ ಕೈ ಬೇಕು. ಹಿಂಬದಿಗೆ ಎರಡು ತುಂಡುಗಳು ಒಂದರ ಮೇಲೊಂದು ನಾಲ್ಕಾರು ಇಂಚು ಬರುವಂತೆ ಇಟ್ಟು ಸುತ್ತಲೂ ಹೊಲಿದರೆ, ಗುಂಡಿ ಜಿಪ್ಪುಗಳ ಹಂಗಿಲ್ಲದೆ ಗವಸು ಸಿದ್ಧವಾಗುತ್ತದೆ.

ಹಿಂಬದಿಯನ್ನು ಹೀಗೆ ತೆರೆದಿಡುವುದು ಕೇವಲ ಅನುಕೂಲದ ಮಾತಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು. ಆಷಾಢ ಶ್ರಾವಣಗಳಲ್ಲಿ ಒಣಗದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೂರುಗದ ಹತ್ತಿಯ ಮೆತ್ತೆಯಲ್ಲಿ ತೇವ ಸೇರಿ ಹುಳು ಹುಟ್ಟುತ್ತದೆ. ಆ ಬಳಿಕ ಅವನ್ನು ಕೊಡವುವುದೂ ಬಿಸಿಲಿಗೆ ಹಾಕುವುದೂ ಹಿಂಸೆಯೇ. ಜೀವೋತ್ಪತ್ತಿಗೆ ಎಡೆಗೊಡದಂತೆ ಮೊದಲೇ ಎಚ್ಚರ ವಹಿಸುವುದು ಶ್ರಾವಕರ ನಿತ್ಯದ ಯತ್ನಾಚಾರ. ಬಿಸಿಲು ಕಂಡ ದಿನ ಗವಸನ್ನು ಕಳಚಿ ಒಣಗಿಸಲು ಬರುವಂತಿರಬೇಕಾದುದು ಇದಕ್ಕಾಗಿಯೇ.

ಇನ್ನು ಲೆಕ್ಕದ ಮಾತು. ಐದೂವರೆ ಮೀಟರ್ ಉದ್ದ, 45 ಇಂಚು ಅಗಲದ ಒಂದು ಸೀರೆಯಲ್ಲಿ ಉದ್ದಕ್ಕೆ 48, ಅಗಲಕ್ಕೆ 10ರಂತೆ 480 ತುಂಡುಗಳು ದೊರೆಯುತ್ತವೆ. ಎಂದರೆ 30 ಗವಸುಗಳ ಮೇಲ್ಮುಖ. ಅರ್ಧ ಸೀರೆ ಸವೆದುಹೋಗಿದೆಯೆಂದು ಬಿಟ್ಟರೂ 15. ಒಂದು ಮನೆಗೆ ಬೇಕಾದ ಕುಶನ್ನುಗಳಾದರೂ ಎಷ್ಟು? ಹೀಗಿರಲು ತೇಪೆಯ ಕೆಲಸಕ್ಕೆಂದೇ ಹೊಸ ಬಟ್ಟೆಯನ್ನು ಕೊಂಡುತಂದು, ಅಖಂಡವಾದುದನ್ನು ತುಂಡರಿಸಿ, ಮತ್ತೆ ಕೂಡಿಸಿ ಹೊಲಿಯುವುದು ವಿಚಿತ್ರವೆನಿಸುತ್ತದೆ. ತೇಪೆಯ ರೂಪ ಅಲ್ಲಿದೆ, ಅದರ ಗುಣವಿಲ್ಲ. ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳ ಸಾಲಿನಲ್ಲಿ ‘ಕುಪ್ಯ’ ಎಂಬುದೊಂದಿದೆ. ಪೂಜ್ಯಪಾದರು ಅದನ್ನು ವಿವರಿಸುವಾಗ ಹತ್ತಿ, ರೇಷ್ಮೆಗಳನ್ನೂ ಹೆಸರಿಸಿದ್ದಾರೆ. ಕಪಾಟಿನ ಸೀರೆಗಳಿಗೆ ಅನ್ವಯಿಸುವ ಮಿತಿ ಕುಶನ್ನಿನ ಗವಸುಗಳಿಗೂ ಅನ್ವಯಿಸುತ್ತದೆ.

ರೇಷ್ಮೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಮಂಗಳೂರಿನ ಒಂದು ಮನೆಯಲ್ಲಿ ಅದು ಅತ್ತೆ ಸೊಸೆಯರ ನಡುವೆ ಎದ್ದಿತು. ಗವಸುಗಳಿಗೆಂದು ತೆಗೆದಿಟ್ಟವು ಹಳೆಯ ಉಡುಪಿ ಸೀರೆಗಳು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘವು ಇಂದಿಗೂ ಮಗ್ಗದಲ್ಲಿ ಉಳಿಸಿಕೊಂಡಿರುವ ಹತ್ತಿಯ ಸೀರೆಗಳವು, ಒಗೆದಷ್ಟೂ ಮೃದುವಾಗುವಂಥವು. ಅವುಗಳ ಜೊತೆಗೆ ಸೊಸೆ ತೀರಿಹೋದ ತನ್ನ ತಾಯಿಯ ರೇಷ್ಮೆ ಸೀರೆಯೊಂದನ್ನೂ ತಂದಿಟ್ಟಳು. ಮಡಿಕೆಗಳಲ್ಲಿ ಬಿರಿದು ಉಡಲು ಬಾರದಂತಾಗಿತ್ತು.

“ಇದು ಬೇಡ” ಎಂದರು ಅತ್ತೆ.

“ಹುಳುಗಳು ಸತ್ತು ಎಷ್ಟೋ ವರ್ಷವಾಯಿತಲ್ಲ ಅತ್ತೆ. ಎಸೆದರೆ ಅವೇನು ಬದುಕಿ ಬರುತ್ತವೆಯೇ? ಅಮ್ಮನದೆಂದು ದಿನವೂ ಕಣ್ಣಿಗೆ ಬೀಳುತ್ತಿರಲಿ.”

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಎಳೆ ತುಂಡಾಗಬಾರದೆಂದು ಗೂಡಿನೊಳಗಿನ ಕೋಶವನ್ನು ಹಬೆಯಲ್ಲೋ ಬಿಸಿಲು ಬಿಸಿಗಾಳಿಯಲ್ಲೋ ಕೊಲ್ಲುತ್ತಾರೆ. ಹಳೆಯ ಸೀರೆಯನ್ನು ಕತ್ತರಿಸಿದ್ದರಿಂದ ಹೊಸದಾಗಿ ಒಂದು ಹುಳುವೂ ಸಾಯುವುದಿಲ್ಲವೆಂಬುದು ನಿಜ. ಆದರೆ ಆಚಾರ್ಯರು ಹಿಂಸೆಯನ್ನು ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರು ಬಗೆಯಲ್ಲಿ ಎಣಿಸಿದ್ದಾರೆ. ನಡುಮನೆಯಲ್ಲಿ ರೇಷ್ಮೆ ಹೊಳೆದರೆ ಬಂದವರು ಮೆಚ್ಚುತ್ತಾರೆ, ಮನೆಯವರು ಹಿಗ್ಗುತ್ತಾರೆ, ನೋಡಿದವರಲ್ಲಿ ಒಬ್ಬರು ಅಂಥದೇ ಬೇಕೆಂದು ಅಂಗಡಿಗೆ ಹೋಗುತ್ತಾರೆ. ಮೂರನೆಯ ಬಾಗಿಲು ತೆರೆದುಕೊಳ್ಳುವುದು ಅಲ್ಲಿ. ಇತ್ತ ಸೊಸೆಯ ಮನಸ್ಸಿನಲ್ಲಿದ್ದುದು ಆಡಂಬರವಲ್ಲ, ತಾಯಿಯ ನೆನಪು. ಮಮತೆಯೇ ಪರಿಗ್ರಹವೆಂಬುದು ಶಾಸ್ತ್ರದ ಮಾತಾದರೂ, ಗೃಹಸ್ಥರಿಗೆ ವಿಧಿಸಿದ್ದು ಮಮತೆಯ ಮಿತಿಯನ್ನೇ ಹೊರತು ಅದರ ಪೂರ್ಣ ತ್ಯಾಗವನ್ನಲ್ಲ.

ದಾರಿ ತೋರಿದವರು ಅತ್ತೆಯೇ. ಮೇಲ್ಮುಖಕ್ಕೆ ಹತ್ತಿಯ ತುಂಡುಗಳಿರಲಿ, ರೇಷ್ಮೆ ಪಂಚೆಯ ಬದಲು ನಡುವಿನ ಪದರವಾಗಲಿ ಎಂದರು. ಹಾಗೆಯೇ ಆಯಿತು. ರೇಷ್ಮೆ ಜಾರುವ ಬಟ್ಟೆಯಾದ್ದರಿಂದ ಕಚ್ಚಾ ಹೊಲಿಗೆಯನ್ನು ಎರಡು ಬೆರಳಿನ ಅಂತರದಲ್ಲಿ ಒತ್ತಾಗಿ ಹಾಕಬೇಕಾಯಿತು, ಅಷ್ಟೇ. ಸೀರೆ ವ್ಯರ್ಥವಾಗಲಿಲ್ಲ, ಪ್ರದರ್ಶನಕ್ಕೂ ಬರಲಿಲ್ಲ. ದಿನದ ಕೆಲಸ ಮುಗಿಸಿ ಒರಗಿದಾಗ ತಾಯಿಯ ಸೀರೆ ಬೆನ್ನಿಗಿದೆಯೆಂಬುದು ಮಗಳಿಗೆ ಗೊತ್ತು. ಅದು ಇತರರಿಗೆ ತಿಳಿಯಬೇಕಾದ ಅಗತ್ಯವಿಲ್ಲ. ಹೀಗೆ ಒಳಗಿಡುವುದು ಕಪಟವಲ್ಲವೇ ಎಂದು ಕೇಳುವವರಿರಬಹುದು. ಇಲ್ಲದ ಗುಣವನ್ನು ಉಂಟೆಂದು ತೋರಿಸುವುದು ಕಪಟ. ಇರುವುದನ್ನು ಮೆರೆಸದಿರುವುದು ಸಂಯಮ. ಯಾರಾದರೂ ಕೇಳಿದರೆ ಇದ್ದುದನ್ನು ಇದ್ದಂತೆ ಹೇಳಿದರಾಯಿತು.

ಆದುದರಿಂದ ಗವಸು ಹೊಲಿಯಲು ಕುಳಿತುಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಬಟ್ಟೆ ಮನೆಯಲ್ಲಿಯೇ ಇದೆಯೇ? ಗವಸು ನಿಜವಾಗಿ ಬೇಕೇ? ಅದು ನೋಡಿದವರ ಮನಸ್ಸಿನಲ್ಲಿ ಯಾವ ಆಸೆಯನ್ನು ಬಿತ್ತುತ್ತದೆ? ಈ ಮೂರಕ್ಕೂ ನೆಮ್ಮದಿಯ ಉತ್ತರ ದೊರೆತರೆ ಸೂಜಿಗೆ ದಾರ ಪೋಣಿಸಬಹುದು. ಉಳಿದ ಸೀರೆಯಲ್ಲಿ ನೆರೆಮನೆಗೂ ಗವಸುಗಳಾಗುತ್ತವೆ.