ಬೀಗದ ಕೈಯೂ ಉಪ್ಪಿನ ಲೆಕ್ಕವೂ

ಕಾಸರಗೋಡಿನ ಒಳನಾಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಏಳನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿ ನಿಂತಲ್ಲೇ ಕುಸಿದು ಬಿದ್ದನು. ಮೈ ಮೊದಲು ಮರದಂತೆ ಸೆಟೆದು, ಬಳಿಕ ಒಂದೇ ಲಯದಲ್ಲಿ ಅದುರತೊಡಗಿತು. ಯಾರೋ ಓಡಿಹೋಗಿ ಬೀರುವಿನ ಬೀಗದ ಕೈಗೊಂಚಲನ್ನು ತಂದು ಅವನ ಮುಷ್ಟಿಗೆ ತುರುಕಿದರು. ಎರಡು ನಿಮಿಷಗಳಲ್ಲಿ ಅದುರುವಿಕೆ ನಿಂತಿತು. ಕಬ್ಬಿಣವೇ ಗೆದ್ದಿತೆಂದು ನೆರೆದವರು ನಿಟ್ಟುಸಿರು ಬಿಟ್ಟರು.

ನ್ಯಾಯಾಲಯದಲ್ಲಾಗಿದ್ದರೆ ಈ ಸಾಕ್ಷ್ಯವು ಪಾಟೀಸವಾಲಿಗೆ ನಿಲ್ಲುತ್ತಿರಲಿಲ್ಲ. ಅಪಸ್ಮಾರದ ಬಹುತೇಕ ಸೆಳವುಗಳು ಒಂದರಿಂದ ಮೂರು ನಿಮಿಷಗಳೊಳಗೆ ತಾವಾಗಿಯೇ ಅಡಗುತ್ತವೆ. ಬೀಗದ ಕೈ ಕೊಟ್ಟರೂ, ಈರುಳ್ಳಿ ಮೂಸಿಸಿದರೂ, ಏನೂ ಮಾಡದಿದ್ದರೂ ಅಡಗುತ್ತವೆ. ಅಡಗುವ ಗಳಿಗೆಯಲ್ಲಿ ಕೈಯಲ್ಲಿದ್ದ ವಸ್ತುವಿಗೆ ಕೀರ್ತಿ ದಕ್ಕುತ್ತದೆ, ಅಷ್ಟೆ.

ತಂದೆ ಅಡಿಕೆ ಕೃಷಿಕರು. ಮಗನನ್ನು ಮಂಗಳೂರಿಗೆ ಕರೆದೊಯ್ದರು. ಪರೀಕ್ಷೆಗಳಾದ ಮೇಲೆ ವೈದ್ಯರು, ಮಿದುಳಿನ ನರಕೋಶಗಳಲ್ಲಿ ಅಯಾನುಗಳ ಸಮತೋಲ ತಪ್ಪಿದಾಗ ಹೀಗಾಗುತ್ತದೆಂದು ಹೇಳಿ, ಸೋಡಿಯಂ ವಾಲ್ಪ್ರೊಯೇಟ್ ಎಂಬ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಆ ಹೆಸರೇ ಅನರ್ಥಕ್ಕೆ ದಾರಿಯಾಯಿತು. ಸೋಡಿಯಂ ಎಂದರೆ ಉಪ್ಪು ತಾನೇ? ಅಜ್ಜಿ ಗಂಜಿಗೆ ಚಿಟಿಕೆ ಉಪ್ಪು ಹೆಚ್ಚಿಸಿದರು. ಪೊಟ್ಯಾಸಿಯಂ ಕೂಡ ಈ ರೋಗದಲ್ಲಿ ಸೇರಿದೆಯೆಂದು ಯಾರೋ ಹೇಳಿದ ಮೇಲೆ ಎಳನೀರಿಗೆ ನಿಷೇಧ ಬಿತ್ತು. ಹಿತ್ತಲಲ್ಲಿ ಇಪ್ಪತ್ತು ತೆಂಗಿನಮರಗಳಿರುವ ಮನೆಯ ಹುಡುಗನಿಗೆ ಇದಕ್ಕಿಂತ ಕ್ರೂರ ಶಿಕ್ಷೆ ಬೇರೇನಿದೆ!

ಗೊಂದಲವನ್ನು ಬಿಡಿಸಿದವರು ಶಾಲೆಯ ವಿಜ್ಞಾನದ ಅಧ್ಯಾಪಕಿ. ಒಂದು ಸಂಜೆ ಮನೆಗೆ ಬಂದವರು ಪುಸ್ತಕ ತೆರೆಯಲಿಲ್ಲ. ತಂದೆ ಮಗನನ್ನು ತೋಟದಂಚಿನ ತೋಡಿಗೆ ಕರೆದೊಯ್ದರು. ಅಲ್ಲಿ ಮಳೆಗಾಲ ಮುಗಿದ ಮೇಲೆ ಕಲ್ಲು ಮಣ್ಣಿನಿಂದ ಹಾಕಿದ ಕಟ್ಟ ಇತ್ತು. ಒಂದು ಬದಿ ನೀರು ಎತ್ತರದಲ್ಲಿ, ಇನ್ನೊಂದು ಬದಿ ತಗ್ಗಿನಲ್ಲಿ. ನರಕೋಶದ ತೆಳುಪೊರೆಯೂ ಅಂಥದೇ ಕಟ್ಟ. ಹೊರಗೆ ಸೋಡಿಯಂ ಒಳಗಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು; ಪೊಟ್ಯಾಸಿಯಂ ಒಳಗೇ ಬಹುಪಾಲು ಹೆಚ್ಚು. ವಿಶ್ರಾಂತಿಯಲ್ಲಿರುವ ಕೋಶದ ಒಳಮೈ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪೊರೆಯ ದ್ವಾರ ತೆರೆದೊಡನೆ ಸೋಡಿಯಂ ಒಳನುಗ್ಗುತ್ತದೆ. ಅದೇ ನರದ ಮಿಡಿತ. ಹಿಂದೆಯೇ ಪೊಟ್ಯಾಸಿಯಂ ಹೊರಹರಿದು ಕೋಶವನ್ನು ಶಾಂತಗೊಳಿಸುತ್ತದೆ. ಈ ಹರಿವನ್ನು ಅಳೆದು ಲೆಕ್ಕಕ್ಕೆ ತಂದವರು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ, 1952ರಲ್ಲಿ; ಅವರು ಆರಿಸಿಕೊಂಡದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರವನ್ನು.

ಹರಿದುಹೋದ ನೀರನ್ನು ಮತ್ತೆ ಮೇಲೆತ್ತಲು ಪಂಪು ಬೇಕಲ್ಲವೇ ಎಂದು ತಂದೆಯೇ ಕೇಳಿದರು. ಇದೆ ಎಂದರು ಅಧ್ಯಾಪಕಿ. ಪ್ರತಿ ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಗೆಸೆದು 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುವ ಪಂಪು ಪೊರೆಯಲ್ಲೇ ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಅದನ್ನು ವರದಿ ಮಾಡಿದರು. ನೊಬೆಲ್ ಬಂದದ್ದು ನಲವತ್ತು ವರ್ಷಗಳ ಬಳಿಕ. ದೇಹತೂಕದ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಉಣ್ಣುವುದಕ್ಕೆ ಈ ಪಂಪಿನ ದುಡಿಮೆಯೇ ದೊಡ್ಡ ಕಾರಣ.

ಸೆಳವಿನಲ್ಲಿ ಅಸಂಖ್ಯ ಕೋಶಗಳು ಒಮ್ಮೆಲೇ, ಬಿಡುವಿಲ್ಲದೆ ಮಿಡಿಯುತ್ತವೆ. ಪ್ರತಿ ಮಿಡಿತಕ್ಕೂ ಒಂದಿಷ್ಟು ಪೊಟ್ಯಾಸಿಯಂ ಹೊರಗೆ ಸೇರುತ್ತದೆ. ಕೋಶಗಳ ನಡುವಿನ ದ್ರವದಲ್ಲಿ ಲೀಟರಿಗೆ ಸುಮಾರು 3 ಮಿಲಿಮೋಲ್ ಇರಬೇಕಾದುದು ಸೆಳವಿನ ಪ್ರಯೋಗಗಳಲ್ಲಿ 10–12ರವರೆಗೆ ಏರುವುದು ಕಂಡಿದೆ. ತಗ್ಗಿನ ಬದಿಯಲ್ಲೂ ನೀರು ಏರಿದರೆ ಹರಿವಿಗೆ ಇಳಿಜಾರೆಲ್ಲಿ? ಪೊಟ್ಯಾಸಿಯಂ ಹೊರಹೋಗಲು ತಿಣುಕುತ್ತದೆ, ಕೋಶ ಪೂರ್ತಿ ಶಾಂತವಾಗದು, ಮತ್ತಷ್ಟು ಸುಲಭವಾಗಿ ಮಿಡಿಯುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಗಾಬಾ ಎಂಬ ರಾಸಾಯನಿಕವು ಕ್ಲೋರೈಡನ್ನು ಕೋಶದೊಳಗೆ ಬಿಟ್ಟು ಮಿಡಿತಕ್ಕೆ ತಡೆಯೊಡ್ಡುತ್ತದೆ. ಕೋಶದೊಳಗೆ ಕ್ಲೋರೈಡ್ ಮೊದಲೇ ತುಂಬಿಕೊಂಡಿದ್ದರೆ ಆ ತಡೆ ಹಿಡಿಯುವುದಿಲ್ಲ. ಕೆಲವೊಮ್ಮೆ ಅದೇ ಪ್ರಚೋದನೆಯಾಗುತ್ತದೆ.

ಉಪ್ಪು ತಿನ್ನಿಸಿ ಇದನ್ನು ಸರಿಪಡಿಸಲಾಗದು. ಮೂತ್ರಪಿಂಡ ಸರಿಯಿರುವವರಲ್ಲಿ ರಕ್ತದ ಉಪ್ಪಿನಂಶವನ್ನು ಅದೇ ಕಾಯುತ್ತದೆ. ರಕ್ತಕ್ಕೂ ಮಿದುಳಿಗೂ ನಡುವೆ ಇನ್ನೊಂದು ಕಾವಲಿದೆ. ತೀವ್ರ ಕಾಯಿಲೆಯಲ್ಲಿ ರಕ್ತದ ಸೋಡಿಯಂ ತಟ್ಟನೆ ಕುಸಿದರೆ ಅಪಸ್ಮಾರವಿಲ್ಲದವರಿಗೂ ಸೆಳವು ಬರಬಹುದು, ಆದರೆ ಅದು ಬೇರೆಯೇ ಪ್ರಕರಣ. ಮಾತ್ರೆಯ ಹೆಸರಿನಲ್ಲಿರುವ ಸೋಡಿಯಂ ಬರಿಯ ಜೊತೆಗಾರ. ಕೆಲಸ ಮಾಡುವುದು ವಾಲ್ಪ್ರೊಯೇಟ್. ಸೋಡಿಯಂ ದ್ವಾರಗಳ ಅತಿಯಾದ ಆತುರವನ್ನು ತಗ್ಗಿಸುವುದೂ ಗಾಬಾವನ್ನು ಬಲಪಡಿಸುವುದೂ ಅದರ ಬಗೆ. ಆ ಸಂಜೆಯೇ ಹುಡುಗನಿಗೆ ಎಳನೀರು ಸಿಕ್ಕಿತು.

ಏಳು ತಿಂಗಳು ನೆಮ್ಮದಿ. ಆಮೇಲೆ ಅಕ್ಕನ ನೆಂಟಸ್ತಿಕೆಯ ಮಾತು ಬಂದಿತು. ನೋಡಲು ಬರುವವರ ಕಣ್ಣಿಗೆ ಬೀಳಬಾರದೆಂದು ಮಾತ್ರೆಯ ಡಬ್ಬಿ ಅಟ್ಟ ಸೇರಿತು, ಸೇರಿದ್ದು ಮರೆತೂಹೋಯಿತು. ಮೂರನೆಯ ದಿನ, ಬಂದವರು ಹೋಳಿಗೆ ಉಣ್ಣುತ್ತಿರುವಾಗಲೇ ಹುಡುಗ ಜಗಲಿಯಲ್ಲಿ ಬಿದ್ದನು. ಔಷಧ ಥಟ್ಟನೆ ತಪ್ಪಿದರೆ ಸೆಳವು ಮರಳುವುದಷ್ಟೇ ಅಲ್ಲ, ಒಮ್ಮೊಮ್ಮೆ ಮೊದಲಿಗಿಂತ ಉಗ್ರವಾಗಿ ಮರಳುತ್ತದೆ. ಈ ಬಾರಿ ಅದು ಐದು ನಿಮಿಷ ದಾಟಿತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ನೆಂಟಸ್ತಿಕೆಯೂ ಮುರಿಯಿತು.

ಹಿಂದೂ ವಿವಾಹ ಕಾಯಿದೆಯಲ್ಲಿ 1976ರ ತಿದ್ದುಪಡಿಯು ಮರುಕಳಿಸುವ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಬರೆದಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ಕಿತ್ತುಹಾಕಿತು. ಆ ಪದ ಇದ್ದಾಗಲೂ ಅದು ವಧೂವರರನ್ನು ಕುರಿತದ್ದೇ ಹೊರತು ವಧುವಿನ ತಮ್ಮನನ್ನಲ್ಲ. ಕಾನೂನು ಕಿತ್ತುಹಾಕಿದ್ದನ್ನು ಊರು ಇನ್ನೂ ಕಿತ್ತಿಲ್ಲ, ಮೇಲಾಗಿ ತನ್ನದೊಂದು ಕಲಮನ್ನು ಸೇರಿಸಿಕೊಂಡಿದೆ. ಅಕ್ಕ ಮಾತ್ರ ಅಳಲಿಲ್ಲ. ಅಟ್ಟದಿಂದ ಡಬ್ಬಿಯನ್ನಿಳಿಸಿ ಊಟದ ಮೇಜಿನ ನಡುವೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿಟ್ಟಳು. ಅದು ಈಗಲೂ ಅಲ್ಲೇ ಇದೆ.

ಹುಡುಗನೀಗ ಒಂಬತ್ತನೆಯ ತರಗತಿ. ಅವನ ಬೆಂಚಿನ ಇಬ್ಬರು ಗೆಳೆಯರಿಗೆ ಪಾಠವಾಗಿದೆ: ಬಿದ್ದರೆ ಪಕ್ಕಕ್ಕೆ ಹೊರಳಿಸಬೇಕು, ತಲೆಯಡಿಗೆ ಮೆತ್ತಗಿನದೇನಾದರೂ ಇಡಬೇಕು, ಬಾಯಿಗೆ ಏನನ್ನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು, ಐದು ನಿಮಿಷವಾದರೆ ಆಸ್ಪತ್ರೆ. ಅವರಲ್ಲೊಬ್ಬನು ಇದಕ್ಕೆಂದೇ ಮಾವನಿಂದ ಹಳೆಯ ಕೈಗಡಿಯಾರವೊಂದನ್ನು ಕೇಳಿ ತಂದಿದ್ದಾನೆ. ಇದುವರೆಗೆ ಅದು ಗಣಿತದ ಅವಧಿ ಮುಗಿಯುವುದನ್ನು ಎಣಿಸಲಷ್ಟೇ ಬಳಕೆಯಾಗಿದೆ.