ಮುರದದ್ದು ಎಲ್ಲಿ ಹೋತು?

ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿ ಸರಸ್ವತಿಯ ಗುಡಿಯೊಂದಿದೆ. ಹೋದವರೆಲ್ಲ ಅದರ ಕಂಬಗಳನ್ನೇ ನೋಡುತ್ತ ನಿಲ್ಲುತ್ತಾರೆ. ಒಳಗಿನ ಸರಸ್ವತಿ ಮಾತ್ರ ಭಗ್ನಮೂರ್ತಿ. ಕಳೆದ ಶ್ರಾವಣದಲ್ಲಿ ಬಾಗಿಲಲ್ಲೇ ನಿಂತು ಅವಳ ಫೋಟೊ ತೆಗೆದೆ. ಬೆಳಕು ಸಾಲದೆ ಐಎಸ್‌ಒ ಏರಿಸಿದ್ದರಿಂದ ಚಿತ್ರದ ತುಂಬ ಕಾಳುಕಾಳು. ಅದನ್ನು ಮುಚ್ಚಲೆಂದೇ ಕಂಪ್ಯೂಟರಿನಲ್ಲಿ ತೈಲವರ್ಣದ ಫಿಲ್ಟರ್ ಹಾಕಿದೆ. ಬೂದು ಕಲ್ಲಿಗೆ ಜೇನಿನ ಬಣ್ಣ ಬಂತು, ಕುಂಚ ಆಡಿಸಿದಂತೆ ಗೆರೆಗಳು ಮೂಡಿದವು. ಹಿಗ್ಗಿನಿಂದ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ.

ಅವ್ವ ಬೆಟಗೇರಿಯಲ್ಲೇ ಹುಟ್ಟಿ ಬೆಳೆದವಳು. ಫೋನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ಇದ್ಯಾವ ಊರಿನ ಸರಸ್ವತಿ ತಮ್ಮಾ?”

“ನಮ್ಮದs ಅವ್ವಾ, ತ್ರಿಕೂಟೇಶ್ವರದ್ದು.”

“ಹಂಗಾದ್ರ ಮುರದದ್ದು ಎಲ್ಲಿ ಹೋತು?”

ಫಿಲ್ಟರ್ ಏನು ಮಾಡುತ್ತದೆಂದು ಆಮೇಲೆ ಓದಿದೆ. ಈ ಜಾತಿಯ ಹಳೆಯ ಲೆಕ್ಕಾಚಾರದ ಹೆಸರು ಕುವಾಹರಾ. ಪ್ರತಿ ಚುಕ್ಕೆಯ ಸುತ್ತಲಿನ ಚೌಕವನ್ನು ನಾಲ್ಕು ಭಾಗ ಮಾಡಿ, ಎಲ್ಲಿ ಏರುಪೇರು ಎಲ್ಲಕ್ಕಿಂತ ಕಡಿಮೆಯೋ ಆ ಭಾಗದ ಸರಾಸರಿಯನ್ನು ಆ ಚುಕ್ಕೆಗೆ ಬಳಿಯುತ್ತದೆ. ದೊಡ್ಡ ಅಂಚು ಉಳಿಯುತ್ತದೆ, ಸಣ್ಣ ಒರಟು ಹೋಗುತ್ತದೆ. ಶಿಲ್ಪಿ ನಯಗೊಳಿಸಿದ ಮೈಗೂ ಯಾರೋ ಒಡೆದ ಜಾಗಕ್ಕೂ ಇರುವ ವ್ಯತ್ಯಾಸವೇ ಆ ಒರಟು. ಯಂತ್ರಕ್ಕೆ ಅದು ಬರೀ ಕಾಳು.

ಭೀಷ್ಮಕೆರೆಯ ಬಸವೇಶ್ವರನಿಗೆ ಇದೇ ಫಿಲ್ಟರ್ ಹಾಕಿ ನೋಡಿದೆ. ಸಂಜೆಯ ಆಕಾಶ, ನೀರು, ಆ ಎತ್ತರದ ಮೂರ್ತಿ, ಯಾವುದಕ್ಕೂ ನಷ್ಟವಿಲ್ಲ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂತು. ಲಕ್ಕುಂಡಿಯಲ್ಲಿ ಹಾಗಾಗಲಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನಿದ್ದಾನೆ. ಅವನ ಕೊರಳ ಹಾರದ ಒಂದೊಂದು ಮಣಿಯೂ ಕರಗಿ ಬೆಲ್ಲದ ಪಾಕವಾಯಿತು.

1866ರಲ್ಲಿ ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಧಾರವಾಡ, ಮೈಸೂರು ಸೀಮೆಯ ಗುಡಿಗಳ ಫೋಟೊಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಯಾವ ಕಲ್ಲು ಆಗ ಹೇಗಿತ್ತು, ಆಮೇಲೆ ಏನು ಬಿತ್ತು ಎಂದು ತಾಳೆ ನೋಡಲು ಇವತ್ತು ಇಂಥ ಚಿತ್ರಗಳೇ ಆಧಾರ. ಅವರ ಕೈಯಲ್ಲೂ ನನ್ನ ಫಿಲ್ಟರ್ ಇದ್ದಿದ್ದರೆ!

ಈಗ ಮೂರ್ತಿಗೆ ಮಾಸ್ಕ್ ಹಾಕಿ ಅದನ್ನು ಇದ್ದಂತೆಯೇ ಬಿಡುತ್ತೇನೆ. ಹಿಂದಿನ ಗೋಡೆಗೆ, ಟ್ಯೂಬ್‌ಲೈಟಿಗೆ, ಜೋತುಬಿದ್ದ ವೈರುಗಳಿಗೆ ಮಾತ್ರ ಕುಂಚ. ವೈರುಗಳನ್ನು ಕಳೆದುಕೊಂಡು ಯಾರೂ ಅಳುವುದಿಲ್ಲ.

ಮೊದಲ ಫೋಟೊ ಮಾತ್ರ ಕೈತಪ್ಪಿ ಹೋಗಿತ್ತು. ನವರಾತ್ರಿಯಲ್ಲಿ ಲಕ್ಷ್ಮೇಶ್ವರದ ನೆಂಟರೊಬ್ಬರಿಂದ ಅದು ನನಗೇ ತಿರುಗಿ ಬಂತು. ಸುತ್ತಲೂ ಹೂವಿನ ಚೌಕಟ್ಟು, ಕೆಳಗೆ ‘ಗದಗಿನ ಸರಸ್ವತಿ’ ಎಂಬ ಬರಹ. ಗುಂಪಿನ ತುಂಬ ಕೈಮುಗಿದ ಚಿಹ್ನೆಗಳು. ಫಿಲ್ಟರ್ ಇಲ್ಲದ ಮೂಲ ಫೋಟೊ ಹುಡುಕಿ, ನಮ್ಮ ಸರಸ್ವತಿ ಇರುವುದು ಹೀಗೆ ಎಂದು ಬರೆದು ಕಳಿಸಿದೆ. ಅದಕ್ಕೆ ಅವ್ವನೊಬ್ಬಳೇ ಕೈಮುಗಿದಳು.